ಷಟರ್ ಎಳೆದ ಮೇಲೂ ಓಡುವ ಮೀಟರು

ಅಂಗಡಿ ಇಟ್ಟುಕೊಂಡವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ರಾತ್ರಿ ಷಟರ್ ಎಳೆಯುವ ಮುನ್ನ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮತ್ತೊಮ್ಮೆ ಬರೆಯಿರಿ. ನಡುವಿನ ವ್ಯತ್ಯಾಸವೇ ನೀವು ಮನೆಯಲ್ಲಿ ಮಲಗಿದ್ದಾಗ ಅಂಗಡಿ ತಿಂದ ವಿದ್ಯುತ್ತು. ಗಿರಾಕಿ ಇಲ್ಲ, ದೀಪ ಇಲ್ಲ, ಫ್ಯಾನ್ ಇಲ್ಲ, ಆದರೂ ನಮ್ಮ ಅಂಗಡಿಯಲ್ಲಿ ದಿನದ ಒಟ್ಟು ಬಳಕೆಯ ಹೆಚ್ಚುಕಡಿಮೆ ಕಾಲುಭಾಗ ಆ ಹೊತ್ತಿನಲ್ಲೇ ಹೋಗುತ್ತಿತ್ತು. ದಿನಸಿ ಅಂಗಡಿಯ ಕರೆಂಟು ಬಿಲ್ಲನ್ನು ಇಳಿಸುವ ವಿಚಾರ ಬಂದಾಗ ಎಲ್ಲರೂ ತಲೆಯೆತ್ತಿ ಬಲ್ಬು ನೋಡುತ್ತಾರೆ. ನೋಡಬೇಕಾದದ್ದು ಮೂಲೆಯಲ್ಲಿ ಗುಂಯ್‌ಗುಡುವ ತಂಪುಪೆಟ್ಟಿಗೆಗಳನ್ನು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಲ್ಲಿ ಒಂದು ಸಾಧಾರಣ ದಿನಸಿ ಅಂಗಡಿ. ಹೆಂಚಿನ ಮಾಡು, ಮುಂದೆ ಸಣ್ಣ ಜಗುಲಿ, ಹಿಂದೆ ಅಕ್ಕಿ ಮೂಟೆ ಪೇರಿಸುವ ಗೋದಾಮು. ನಮ್ಮ ಮಾವ ಕಟ್ಟಿದ ಅಂಗಡಿಯನ್ನು ಈಗ ನಾನೂ ನನ್ನ ಯಜಮಾನರೂ ನಡೆಸುತ್ತೇವೆ. ಈ ವ್ಯಾಪಾರದಲ್ಲಿ ಲಾಭ ಎಷ್ಟು ತೆಳ್ಳಗಿರುತ್ತದೆ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸಕ್ಕರೆಯಲ್ಲಿ ಕೆಜಿಗೆ ಎರಡು ರೂಪಾಯಿ ಉಳಿದರೆ ಅದೇ ಹೆಚ್ಚು. ಹಾಗಿರುವಾಗ ತಿಂಗಳಿಗೆ ಒಂದು ಸಾವಿರ ರೂಪಾಯಿ ವಿದ್ಯುತ್ ಉಳಿಸುವುದೆಂದರೆ ಐದು ಕ್ವಿಂಟಾಲ್ ಸಕ್ಕರೆಯನ್ನು ತೂಗಿ, ಕಟ್ಟಿ, ಮಾರಿದಷ್ಟು. ಹೊಸ ಗಿರಾಕಿಯನ್ನು ತರುವುದು ನಮ್ಮ ಕೈಯಲ್ಲಿಲ್ಲ. ಆನ್‌ಲೈನಿನಲ್ಲಿ ಹತ್ತು ರೂಪಾಯಿ ಕಡಿಮೆಗೆ ಮಾರುವವರನ್ನು ತಡೆಯುವುದೂ ನಮ್ಮ ಕೈಯಲ್ಲಿಲ್ಲ. ಮೀಟರು ಮಾತ್ರ ನಮ್ಮ ಗೋಡೆಯ ಮೇಲೇ ಇದೆ.

ಬಿಲ್ಲನ್ನು ಓದುವುದು ಹೇಗೆಂದು ಒಂದಿಷ್ಟು ಹೇಳಬೇಕು, ಏಕೆಂದರೆ ಬಹಳ ಅಂಗಡಿಯವರು ಕೆಳಗಿನ ಮೊತ್ತವನ್ನಷ್ಟೇ ನೋಡಿ ಮೊಬೈಲಿನಲ್ಲಿ ಹಣ ಕಟ್ಟಿ ಮುಗಿಸುತ್ತಾರೆ. ಅಂಗಡಿಗಳದ್ದು ಎಲ್‌ಟಿ-3, ಅಂದರೆ ವಾಣಿಜ್ಯ ಬಳಕೆಯ ದರ. 2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್ಟುಗಳ ಮಿತಿ ಮನೆಗಳಿಗೆ ಮಾತ್ರ. ಮಹಡಿಯ ಮೇಲಿನ ಮನೆಗೆ ಶೂನ್ಯ ಬಿಲ್ಲು ಬಂದರೂ ಕೆಳಗಿನ ಅಂಗಡಿಗೆ ಪೂರ್ತಿ ಬಿಲ್ಲು ಬರುತ್ತದೆ. ಆ ಬಿಲ್ಲಿನಲ್ಲಿ ಮೊದಲನೆಯದು ನಿಗದಿತ ಶುಲ್ಕ. ಇದು ಮಂಜೂರಾದ ಲೋಡಿನ, ಅಂದರೆ ಅಂಗಡಿ ಒಮ್ಮೆಗೆ ಎಷ್ಟು ವಿದ್ಯುತ್ ಎಳೆಯಬಹುದು ಎಂದು ಬರೆಸಿಕೊಂಡ ಮಿತಿಯ, ಒಂದೊಂದು ಕಿಲೋವಾಟಿಗೆ ಇಷ್ಟು ಎಂದು ಬೀಳುತ್ತದೆ, ತಿಂಗಳಿಡೀ ಅಂಗಡಿ ಮುಚ್ಚಿದ್ದರೂ ತಪ್ಪುವುದಿಲ್ಲ. ಎರಡನೆಯದು ಬಳಸಿದ ಯೂನಿಟ್ಟಿನ ದರ. ಆಮೇಲೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ, ತೆರಿಗೆ, 2025ರ ಏಪ್ರಿಲ್‌ನಿಂದ ಸೇರಿಕೊಂಡ ಪಿಂಚಣಿ ಮತ್ತು ಗ್ರಾಚ್ಯುಟಿಯ ಸರ್ಚಾರ್ಜು. ಇವೆಲ್ಲ ಬಹುಮಟ್ಟಿಗೆ ಯೂನಿಟ್ಟಿನ ಬೆನ್ನಿಗೆ ಅಂಟಿಕೊಂಡೇ ಬರುವಂಥವು. ಹಾಗಾಗಿ ಒಂದು ಯೂನಿಟ್ ಕಡಿಮೆ ಮಾಡಿದರೆ ಅದರ ಬೆಲೆಯ ಜೊತೆಗೆ ಅದರ ಮೇಲಿನ ತೆರಿಗೆ, ಸರ್ಚಾರ್ಜುಗಳೂ ತಪ್ಪುತ್ತವೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಎಲ್ಲ ಸೇರಿ ಯೂನಿಟ್ಟಿಗೆ 8 ರೂಪಾಯಿ ಎಂದು ಇಲ್ಲಿ ಹಿಡಿಯುತ್ತೇನೆ.

ಯಾವ ಯಂತ್ರ ಎಷ್ಟು ತಿನ್ನುತ್ತದೆ ಎಂದು ಊಹಿಸಬೇಕಾಗಿಲ್ಲ. ಗೋಡೆಯ ಸಾಕೆಟ್ಟಿಗೂ ಯಂತ್ರದ ಪ್ಲಗ್ಗಿಗೂ ನಡುವೆ ಸಿಕ್ಕಿಸುವ ಸಣ್ಣ ಮೀಟರುಗಳು ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತವೆ. ಒಂದು ತೆಗೆದುಕೊಂಡರೆ ಬೀದಿಯ ಅಂಗಡಿಗಳೆಲ್ಲ ಸರದಿಯಲ್ಲಿ ಬಳಸಬಹುದು. ತಂಪುಪೆಟ್ಟಿಗೆಯ ಯಂತ್ರ ಆಗಾಗ ನಿಂತು ಮತ್ತೆ ಓಡುವುದರಿಂದ ಒಂದು ಗಂಟೆ ಅಳೆದರೆ ಸಾಲದು, ಒಂದು ಇಡೀ ಹಗಲು ಮತ್ತು ರಾತ್ರಿ ಬಿಡಬೇಕು. ಹಾಗೆ ಅಳೆದಾಗ ನಮ್ಮಲ್ಲಿ ಗಾಜಿನ ಬಾಗಿಲಿನ ತಂಪು ಪಾನೀಯದ ಕೂಲರೊಂದೇ ದಿನಕ್ಕೆ ಸುಮಾರು 5 ಯೂನಿಟ್ ತೆಗೆದುಕೊಳ್ಳುತ್ತಿತ್ತು. ಐಸ್‌ಕ್ರೀಮಿನ ಡೀಪ್ ಫ್ರೀಜರ್ ಸುಮಾರು 3. ಹಾಲು, ಮೊಸರು, ಬೆಣ್ಣೆಯ ಫ್ರಿಜ್ ಅದಕ್ಕಿಂತ ಸ್ವಲ್ಪ ಕಡಿಮೆ. ಅಂಗಡಿಯ ಎಲ್ಲ ಟ್ಯೂಬ್‌ಲೈಟುಗಳನ್ನು ಸೇರಿಸಿದರೂ ಕೂಲರಿನ ಅರ್ಧಕ್ಕೆ ಬರಲಿಲ್ಲ. ಇಷ್ಟು ಗೊತ್ತಾದ ಮೇಲೆ ಯಾವುದರಿಂದ ಶುರುಮಾಡಬೇಕು ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಗಾಜಿನ ಬಾಗಿಲು ನೋಡುವುದಕ್ಕೆ ಚೆಂದ, ತಂಪು ಕಾಯುವುದರಲ್ಲಿ ಮಾತ್ರ ಉಕ್ಕಿನ ಬಾಗಿಲಿಗಿಂತ ಬಹಳ ಹಿಂದೆ. ಅದರ ಒಳಗೆ ದಿನವಿಡೀ ಉರಿಯುವ ದೀಪವೂ ಶಾಖ ಕೊಡುತ್ತದೆ. ಆ ಶಾಖವನ್ನು ಹೊರಹಾಕಲು ಯಂತ್ರ ಮತ್ತೊಮ್ಮೆ ಓಡಬೇಕು, ಅಂದರೆ ಒಂದು ದೀಪಕ್ಕೆ ಎರಡು ಸಲ ಹಣ ಕೊಟ್ಟಂತೆ. ಕೆಲವು ಮಾದರಿಗಳಲ್ಲಿ ಗಾಜಿನ ಮೇಲೆ ಬೆವರು ಕಟ್ಟದಿರಲಿ ಎಂದು ಬಾಗಿಲ ಚೌಕಟ್ಟಿನಲ್ಲಿ ಸಣ್ಣ ಹೀಟರು ಕೂಡ ಇರುತ್ತದೆ. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಅದಕ್ಕೆ ಬಿಡುವೇ ಇರುವುದಿಲ್ಲ. ನಾವು ಒಳಗಿನ ದೀಪವನ್ನು ಸಂಜೆ ಮಾತ್ರ ಹಾಕುವಂತೆ ಮಾಡಿಕೊಂಡೆವು. ಬಾಟಲಿ ಕೇಳುವವರು ಹಗಲಿನಲ್ಲಿ ಹೇಗೂ ನೋಡುತ್ತಾರೆ.

ಬಾಗಿಲ ಸುತ್ತಲಿನ ರಬ್ಬರು, ಗ್ಯಾಸ್ಕೆಟ್ ಎನ್ನುತ್ತಾರಲ್ಲ, ಅದನ್ನು ಯಾರೂ ನೋಡುವುದಿಲ್ಲ. ಹತ್ತು ರೂಪಾಯಿಯ ನೋಟೊಂದನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡಬೇಕು. ಬಿಗಿಯಾಗಿ ಹಿಡಿದುಕೊಂಡರೆ ಸರಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿಂದ ರಾತ್ರಿಯಿಡೀ ತಂಪು ಸೋರುತ್ತಿದೆ ಎಂದೇ ಅರ್ಥ. ಇದನ್ನು ಬಾಗಿಲ ನಾಲ್ಕೂ ಬದಿಗೆ ಮಾಡಬೇಕು, ಕೆಳಗಿನ ಮೂಲೆಯನ್ನು ಮರೆಯಬಾರದು. ನಮ್ಮ ಕಡೆ ಜೂನ್ ಬಂತೆಂದರೆ ಈ ರಬ್ಬರಿನ ಮಡಿಕೆಯೊಳಗೆ ಕಪ್ಪು ಬೂಷ್ಟು ಕಟ್ಟುತ್ತದೆ. ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹಿಡಿತ ಬರುತ್ತದೆ. ಬಿರುಕು ಬಿಟ್ಟಿದ್ದರೆ ಬದಲಿಸಿಬಿಡಬೇಕು. ಕೆಲವು ನೂರು ರೂಪಾಯಿಯ ಕೆಲಸ, ಕೆಲವೇ ತಿಂಗಳಲ್ಲಿ ಹಾಕಿದ ಖರ್ಚು ಮರಳಿ ಬರುತ್ತದೆ.

ದಿನಸಿ ಅಂಗಡಿಗೆ ಬೇರೆ ಅಂಗಡಿಗಳಿಗಿಲ್ಲದ ಒಂದು ತೊಂದರೆ ಇದೆ: ಹಿಟ್ಟಿನ ಧೂಳು. ಗೋಧಿಹಿಟ್ಟು, ಕಡಲೆಹಿಟ್ಟು, ಮೆಣಸಿನಪುಡಿ ತೂಗುವಾಗ ಏಳುವ ನಯವಾದ ಪುಡಿ ಗಾಳಿಯಲ್ಲಿ ತೇಲಿ ಫ್ರಿಜ್ಜಿನ ಹಿಂದಿನ, ಅಥವಾ ಕೆಳಗಿನ, ಕಂಡೆನ್ಸರ್ ಜಾಲರಿಗೆ ಹತ್ತುತ್ತದೆ. ಎಣ್ಣೆಯ ಜಿಡ್ಡು ಸೇರಿದರೆ ಮುಗಿಯಿತು, ಕಂಬಳಿ ಹೊದಿಸಿದ ಹಾಗೆ ಕೂರುತ್ತದೆ. ಫ್ರಿಜ್ ಒಳಗಿನ ಶಾಖವನ್ನು ಹೊರಕ್ಕೆ ಚೆಲ್ಲುವುದು ಆ ಜಾಲರಿಯ ಮೂಲಕವೇ. ಅದು ಮುಚ್ಚಿಹೋದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಕೊನೆಗೆ ಸುಟ್ಟೂ ಹೋಗುತ್ತದೆ. ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಎಳೆದು ಸ್ವಚ್ಛಮಾಡುವುದು ನಮ್ಮಲ್ಲಿ ಈಗ ಅಮಾವಾಸ್ಯೆಯ ಕೆಲಸ. ಆ ದಿನ ಹೇಗೂ ಪೂಜೆಗೆಂದು ಅಂಗಡಿ ಗುಡಿಸಿ ಒರೆಸುತ್ತೇವೆ, ಯಂತ್ರವೂ ಸೇರಿಕೊಂಡಿತು. ಗೋಡೆಗೆ ಒತ್ತಿಟ್ಟಿದ್ದ ಫ್ರಿಜ್ಜನ್ನು ಅರ್ಧ ಅಡಿ ಮುಂದಕ್ಕೆ ಎಳೆದೆವು. ಅದರ ನೆತ್ತಿಯ ಮೇಲೆ ಪೇರಿಸಿದ್ದ ಬಿಸ್ಕತ್ತಿನ ಡಬ್ಬಗಳನ್ನು ಇಳಿಸಿದೆವು. ಜಾಗ ಕಳೆದುಕೊಂಡದ್ದು ನಿಜ, ಆದರೆ ಯಂತ್ರ ನಿಂತು ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತು ಹೆಚ್ಚಿದ್ದು ಕಿವಿಗೇ ಗೊತ್ತಾಗುತ್ತಿತ್ತು.

ಫ್ರೀಜರಿನ ವಿಷಯಕ್ಕೆ ಬರುತ್ತೇನೆ. ಐಸ್‌ಕ್ರೀಮಿಗೆ ಮೈನಸ್ 18 ಡಿಗ್ರಿ ಸಾಕು. ಬಹಳ ಕಡೆ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿಟ್ಟಿರುತ್ತಾರೆ, ಯಂತ್ರ ಮೈನಸ್ 24, 25ರವರೆಗೆ ಇಳಿಯುತ್ತದೆ. ಅದರಿಂದ ಐಸ್‌ಕ್ರೀಮ್ ಕಲ್ಲಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಒಂದು ಅಗ್ಗದ ಥರ್ಮಾಮೀಟರ್ ಒಳಗಿಟ್ಟು ನೋಡಿ ತಿರುಗಣೆಯನ್ನು ಹಿಂದಕ್ಕೆ ತಂದರೆ ಆಯಿತು. ಗೋಡೆಯ ಮೇಲೆ ಕಾಲಿಂಚಿಗಿಂತ ದಪ್ಪ ಹಿಮ ಕಟ್ಟಿದರೆ ಅದೇ ಒಂದು ಹೊದಿಕೆಯಾಗಿ ತಂಪು ಒಳಬರುವುದನ್ನು ತಡೆಯುತ್ತದೆ, ಯಂತ್ರ ವೃಥಾ ದುಡಿಯುತ್ತದೆ. ಆದರೆ ಚಾಕು ಹಾಕಿ ಕೆತ್ತಬಾರದು. ಒಳಗಿನ ಕೊಳವೆ ತೂತಾದರೆ ಅನಿಲವೆಲ್ಲ ಹೋಗಿ ಪೆಟ್ಟಿಗೆಯೇ ಕೆಲಸಕ್ಕೆ ಬಾರದಾಗುತ್ತದೆ. ಯಂತ್ರ ನಿಲ್ಲಿಸಿ, ಮುಚ್ಚಳ ತೆರೆದು, ತಾನಾಗಿ ಕರಗಲು ಬಿಡಬೇಕು.

ಈಗ ನಮ್ಮ ಬಿಲ್ಲಿನಲ್ಲಿ ಅತಿ ದೊಡ್ಡ ಇಳಿಕೆ ತಂದ ನಿರ್ಧಾರವನ್ನು ಹೇಳುತ್ತೇನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸಾಗರದಲ್ಲಿ ಐಸ್‌ಕ್ರೀಮ್ ತಿನ್ನುವವರು ಎಷ್ಟು ಮಂದಿ? ಹೊರಗೆ ಧೋ ಎಂದು ಸುರಿಯುತ್ತಿರುತ್ತದೆ, ಬಂದವರು ಕಷಾಯದ ಪುಡಿ, ಹಪ್ಪಳ, ಬೆಂಕಿಪೊಟ್ಟಣ ಕೇಳುತ್ತಾರೆ. ಆದರೂ ಫ್ರೀಜರ್ ದಿನಕ್ಕೆ 3 ಯೂನಿಟ್ಟಿನಂತೆ ತಿಂಗಳಿಗೆ 90 ಯೂನಿಟ್, 720 ರೂಪಾಯಿ ತಿನ್ನುತ್ತ ಕೂತಿರುತ್ತದೆ. ನಾಲ್ಕು ತಿಂಗಳಿಗೆ ಮೂರು ಸಾವಿರ ಹತ್ತಿರವಾಗುತ್ತದೆ. ಆ ನಾಲ್ಕು ತಿಂಗಳಲ್ಲಿ ಐಸ್‌ಕ್ರೀಮಿನಿಂದ ನಮಗೆ ಬಂದ ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಿ ಕೂಡಿಸಿದೆವು. ವಿದ್ಯುತ್ತಿನ ಖರ್ಚಿನ ಕಾಲುಪಾಲೂ ಇರಲಿಲ್ಲ. ಈ ಪೆಟ್ಟಿಗೆಗಳನ್ನು ಕಂಪನಿಯವರು ಕೊಡುತ್ತಾರೆ, ಮೇಲೆ ತಮ್ಮ ಹೆಸರು, ಚಿತ್ರ ಅಂಟಿಸಿರುತ್ತಾರೆ. ಉಚಿತ ಎಂದು ಅಂಗಡಿಯವರು ಸಂತೋಷದಿಂದ ಇಳಿಸಿಕೊಳ್ಳುತ್ತಾರೆ. ಪೆಟ್ಟಿಗೆ ಅವರದು, ಜಾಗ ನಮ್ಮದು, ಕರೆಂಟು ನಮ್ಮದು. ಯಾವ ಪೆಟ್ಟಿಗೆ ಎಂದು ಆಯ್ಕೆ ಮಾಡುವವರು ಬಿಲ್ಲು ಕಟ್ಟುವವರಲ್ಲವಾದ್ದರಿಂದ ಅದು ವಿದ್ಯುತ್ ಉಳಿಸುವ ಮಾದರಿಯೇ ಎಂದು ಕೇಳುವವರೂ ಇಲ್ಲ.

ಮಳೆಗಾಲಕ್ಕೆ ಮುಂಚೆ ಇದ್ದ ಸರಕನ್ನೆಲ್ಲ ಮುಗಿಸಿ ಫ್ರೀಜರನ್ನು ಆರಿಸುತ್ತೇವೆ ಎಂದಾಗ ಸರಕು ತರುವ ಹುಡುಗ ಗಾಬರಿಯಾದ. "ಅಕ್ಕಾ, ಆರಿಸಬೇಡಿ. ನಾಲ್ಕು ತಿಂಗಳು ಸರಕು ಎತ್ತದಿದ್ದರೆ ಪೆಟ್ಟಿಗೆ ವಾಪಸ್ ತೆಗೆದುಕೊಂಡು ಹೋಗುತ್ತಾರೆ" ಎಂದ. ತೆಗೆದುಕೊಂಡು ಹೋಗಲಿ ಎಂದು ನನ್ನ ಯಜಮಾನರು ಶಾಂತವಾಗಿಯೇ ಹೇಳಿದರು. ಅವನ ಮೇಲಿನವರೊಂದಿಗೆ ಫೋನಿನಲ್ಲಿ ಮಾತನಾಡಿ, ಲೆಕ್ಕ ತೋರಿಸಿ, ಮಳೆಗಾಲದಲ್ಲಿ ನಿಲ್ಲಿಸುವುದಕ್ಕೆ ಒಪ್ಪಿಗೆ ಪಡೆದೆವು. ಈಗ ಪ್ರತಿ ವರ್ಷ ಮಿರಗ (ಮೃಗಶಿರಾ) ಮಳೆ ಹಿಡಿಯುವ ಹೊತ್ತಿಗೆ ಪೆಟ್ಟಿಗೆಯನ್ನು ಒಣಗಿಸಿ, ಬೂಷ್ಟು ಹಿಡಿಯದಂತೆ ಮುಚ್ಚಳದ ಸಂದಿಗೆ ಒಂದು ಮರದ ತುಂಡು ಕೊಟ್ಟು ಇಡುತ್ತೇವೆ. ದಸರೆಯ ಹೊತ್ತಿಗೆ ಮತ್ತೆ ಶುರು. ಬಯಲುಸೀಮೆಯ ಅಂಗಡಿಯವರಿಗೆ ಇದು ಹೊಂದದೆ ಇರಬಹುದು. ಘಟ್ಟದ ಮೇಲಿನ ಮತ್ತು ಕೆಳಗಿನ ಅಂಗಡಿಗಳಿಗೆ ಮಾತ್ರ ಇದಕ್ಕಿಂತ ಸುಲಭದ ಉಳಿತಾಯ ಬೇರೆ ಇಲ್ಲವೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ತಂಪು ಪಾನೀಯದ ಕೂಲರಿಗೆ ಬೇರೆ ಉಪಾಯ. ಮುಚ್ಚಿದ ಬಾಟಲಿಯ ಪಾನೀಯ ರಾತ್ರಿ ಬೆಚ್ಚಗಾದರೆ ಕೆಡುವುದಿಲ್ಲ. ಹಾಗಾದರೆ ಅದನ್ನು ರಾತ್ರಿಯಿಡೀ ತಣ್ಣಗೆ ಕಾಯುವುದು ಯಾರಿಗಾಗಿ? ಹೊರಗಿನ ಗಾಳಿಗೂ ಒಳಗಿನ ತಂಪಿಗೂ ಅಂತರ ಕಡಿಮೆಯಾದಷ್ಟೂ ಒಳಗೆ ನುಗ್ಗುವ ಶಾಖ ಕಡಿಮೆ. ಆದ್ದರಿಂದ ನಿಲ್ಲಿಸಿ ಮತ್ತೆ ತಣಿಸುವುದಕ್ಕೆ ಬೇಕಾಗುವ ವಿದ್ಯುತ್ತು, ರಾತ್ರಿಯಿಡೀ ತಣ್ಣಗಿಡುವುದಕ್ಕೆ ಬೇಕಾಗುವುದಕ್ಕಿಂತ ಕಡಿಮೆಯೇ. ಕೂಲರಿನ ಭಾರ ತಾಳುವ ಒಂದು ಟೈಮರ್ ಹಾಕಿಸಿದೆವು. ರಾತ್ರಿ ಒಂಬತ್ತಕ್ಕೆ ನಿಲ್ಲುತ್ತದೆ, ಬೆಳಗಿನ ಜಾವದ ತಂಪಿನಲ್ಲಿ ಶುರುವಾಗುತ್ತದೆ. ಮಾರನೆಯ ದಿನದ ಬಾಟಲಿಗಳನ್ನು ಮುಚ್ಚುವ ಮುನ್ನವೇ ತುಂಬಿಸಿಡುತ್ತೇವೆ. ಮಧ್ಯಾಹ್ನದ ಗಿರಾಕಿಗೆ ಬೇಕಾದಷ್ಟು ತಣ್ಣಗಾಗಿರುತ್ತವೆ. ಇದನ್ನು ಹಾಲು, ಮೊಸರು, ಪನೀರಿನ ಫ್ರಿಜ್ಜಿಗೆ ಎಂದಿಗೂ ಮಾಡಬಾರದು. ಅಲ್ಲಿ ಉಳಿಸುವ ಹತ್ತು ರೂಪಾಯಿ ಒಂದು ಮನೆಯ ಮಗುವಿನ ಹೊಟ್ಟೆನೋವಾಗಿ ಬರಬಹುದು. ಹಾಲಿನ ಫ್ರಿಜ್ಜಿನಲ್ಲಿ ಖಾಲಿ ಜಾಗವಿದ್ದರೆ ನೀರು ತುಂಬಿದ ಬಾಟಲಿಗಳನ್ನು ಇಡುತ್ತೇವೆ. ಗಾಳಿಗೆ ಮರ ಬಿದ್ದು ತಂತಿ ಹರಿದು ಗಂಟೆಗಟ್ಟಲೆ ಕರೆಂಟು ಹೋಗುವುದು ಇಲ್ಲಿ ಮಾಮೂಲು, ಆಗ ತಣ್ಣಗಾದ ಆ ನೀರೇ ಹಾಲನ್ನು ಕಾಯುತ್ತದೆ.

ದೀಪದ ಮಾತು ಬೇಗ ಮುಗಿಸಬಹುದು, ಏಕೆಂದರೆ ಆ ಹೋರಾಟವನ್ನು ದೇಶ ಬಹುಪಾಲು ಗೆದ್ದಿದೆ. ಅಗ್ಗದ ಬೆಲೆಗೆ ಎಲ್‌ಇಡಿ ಬಲ್ಬು ಹಂಚುವ ಉಜಾಲಾ ಯೋಜನೆ ಶುರುವಾದದ್ದು 2015ರ ಜನವರಿಯಲ್ಲಿ, ನಮ್ಮ ರಾಜ್ಯದಲ್ಲಿ ಅದು ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂತು. 2014ರಲ್ಲಿ ಸರ್ಕಾರದ ಸಗಟು ಖರೀದಿಯಲ್ಲೇ 310 ರೂಪಾಯಿ ಇದ್ದ ಎಲ್‌ಇಡಿ ಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿದಿತ್ತು. ಆದರೂ ಹಳೆಯ ಅಂಗಡಿಗಳ ಅಟ್ಟದ ಕೆಳಗೆ, ಗೋದಾಮಿನಲ್ಲಿ ಚೋಕು-ಸ್ಟಾರ್ಟರಿನ ಹಳೆಯ ಟ್ಯೂಬುಗಳು ಇನ್ನೂ ಇವೆ. ಟ್ಯೂಬು 36 ಅಥವಾ 40 ವಾಟ್ ಆದರೆ ಅದರ ಚೋಕು ಇನ್ನೂ ಹತ್ತು ಹನ್ನೆರಡು ವಾಟ್ ತಿನ್ನುತ್ತದೆ, ಬರೆದದ್ದರಲ್ಲಿ ಅದು ಕಾಣುವುದಿಲ್ಲ. 20 ವಾಟಿನ ಎಲ್‌ಇಡಿ ಪಟ್ಟಿ ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುತ್ತದೆ. ಜವಳಿ ಅಂಗಡಿಯವರಿಗೆ ಮಾತ್ರ ಒಂದು ಎಚ್ಚರಿಕೆ: ಅಗ್ಗದ ಎಲ್‌ಇಡಿಯಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಹೆಂಗಸರು ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿದು ನೋಡುವುದು ಸುಮ್ಮನೆ ಅಲ್ಲ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ, ಡಬ್ಬಿಯ ಮೇಲೆ ಸಿಆರ್‌ಐ ಎಂದು ಬರೆದಿರುವ ಅಂಕಿ 90ರ ಆಸುಪಾಸು ಇರುವಂಥದ್ದನ್ನು ಕೊಂಡರೆ ಆ ಓಡಾಟ ತಪ್ಪುತ್ತದೆ.

ನಮ್ಮ ಗೋದಾಮಿನಲ್ಲಿ ಹಗಲೂ ದೀಪ ಬೇಕಾಗುತ್ತಿತ್ತು. ಅಲ್ಲಿಗೆ ಹೊಸ ದೀಪದ ಬದಲು ಎರಡು ಗಾಜಿನ ಹೆಂಚು ಹಾಕಿಸಿದೆವು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಮನೆಗಳ ಮಾಡೇ ಬದಲಾಯಿತು. ಅದೇ ಅಳತೆಯ ಗಾಜಿನ ಹೆಂಚು ನಮ್ಮ ಅಜ್ಜಿಯರ ಅಡುಗೆಮನೆಗಳಲ್ಲೆಲ್ಲ ಇತ್ತು. ತಾರಸಿ ಬಂದ ಮೇಲೆ ಅದು ಮರೆತೇಹೋಯಿತು. ಒಂದು ಹೆಂಚು ತೆಗೆದು ಒಂದು ಹೆಂಚು ಇಡುವಷ್ಟೇ ಕೆಲಸ. ಬಿಸಿಲು ನೇರವಾಗಿ ಎಣ್ಣೆ ಡಬ್ಬ, ಉಪ್ಪಿನಕಾಯಿಯ ಮೇಲೆ ಬೀಳದಂತೆ ಜಾಗ ಆರಿಸಿಕೊಳ್ಳಬೇಕು, ಗೋಡೆಗೆ ಬಿಳಿ ಸುಣ್ಣ ಹೊಡೆಸಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಅಲ್ಲಿ ಈಗ ಸ್ವಿಚ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಕಾರ್ಮೋಡ ಕವಿದ ಆಷಾಢದ ದಿನಗಳು ಬೇರೆ.

ಫ್ಯಾನುಗಳನ್ನು ಬದಲಿಸುವಾಗ ಮನೆಯಲ್ಲಿ ಚರ್ಚೆಯಾಯಿತು. ಓಡುತ್ತಿರುವ ಫ್ಯಾನನ್ನು ತೆಗೆದು ಹೊಸದಕ್ಕೆ ಮೂರು ಸಾವಿರ ಕೊಡುವುದು ಮಾವನವರಿಗೆ ಒಪ್ಪಿಗೆಯಿರಲಿಲ್ಲ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಹಳೆಯದು 75 ವಾಟ್, ಬಿಎಲ್‌ಡಿಸಿ ಎನ್ನುವ, ಕಡಿಮೆ ವಿದ್ಯುತ್ತಿನ ಮೋಟಾರಿರುವ ಹೊಸ ಫ್ಯಾನ್ ಸುಮಾರು 30. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ, ತಿಂಗಳಿಗೆ 16 ಯೂನಿಟ್, ಸುಮಾರು 130 ರೂಪಾಯಿ. ಎರಡು ವರ್ಷದಲ್ಲಿ ಫ್ಯಾನಿನ ಹಣ ಹುಟ್ಟುತ್ತದೆ. ಮನೆಯಲ್ಲಿ ರಾತ್ರಿ ಮಾತ್ರ ತಿರುಗುವ ಫ್ಯಾನಿಗೆ ಈ ಲೆಕ್ಕ ಇಷ್ಟು ಚೆನ್ನಾಗಿ ಕೂಡುವುದಿಲ್ಲ, ಅಂಗಡಿಗೆ ಕೂಡುತ್ತದೆ. ತೂಕ ಮಾಡುವ ಹುಡುಗಿಯ ತಲೆಯ ಮೇಲಿನದನ್ನು ಮೊದಲು ಬದಲಿಸಿದೆವು. ಅವಳು ನಿಂತೇ ಕೆಲಸ ಮಾಡುವವಳು, ಅವಳ ಫ್ಯಾನ್ ಆರಿಸಿ ಉಳಿತಾಯ ಮಾಡುವ ಯೋಚನೆ ಯಾರಿಗೂ ಬರಬಾರದು.

ಇಷ್ಟೆಲ್ಲ ಲೆಕ್ಕ ಹಾಕುವುದು ಬರೀ ಹಣಕ್ಕಾಗಿಯೇ ಎಂದು ಕೇಳಿದರೆ, ಮೊದಲು ಹಣಕ್ಕಾಗಿಯೇ. ಆದರೆ ಸಾಗರದಲ್ಲಿ ಕೂತು ಕರೆಂಟಿನ ಮಾತಾಡುವಾಗ ಅಷ್ಟಕ್ಕೇ ನಿಲ್ಲಿಸಲು ನನಗೆ ಆಗುವುದಿಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಮುಂದೆ ಶರಾವತಿ ವಿದ್ಯುದಾಗಾರದಿಂದ 1,035 ಮೆಗಾವಾಟ್ ಬರುವಂತಾಯಿತು. ನಾಡು ಬೆಳಗಿತು. ಆ ನೀರಿನ ಕೆಳಗೆ ಹೋದ ಊರುಗಳಲ್ಲಿ ನಮ್ಮ ಮಾವನವರ ಹುಟ್ಟೂರೂ ಒಂದು. ಅಡಿಕೆ ತೋಟ, ಗದ್ದೆ, ದೇವಸ್ಥಾನ ಎಲ್ಲವನ್ನೂ ಬಿಟ್ಟು ಲಾರಿ ಹತ್ತಿದ ಮನೆತನಗಳವು. ಹಾಗೆ ಎದ್ದುಬಂದ ಅನೇಕ ಕುಟುಂಬಗಳಿಗೆ ಕಾಡಂಚಿನಲ್ಲಿ ಕೊಟ್ಟ ಜಮೀನಿನ ಹಕ್ಕಿನ ತಕರಾರು ಇಂದಿಗೂ ಬಗೆಹರಿದಿಲ್ಲ. ಹಿನ್ನೀರಿನ ಆಚೆಯ ಕರೂರು, ಬಾರಂಗಿ ಸೀಮೆಯವರು ದಶಕಗಳ ಕಾಲ ಲಾಂಚ್ ಹತ್ತಿ ದಾಟಿ ಬಂದು ನಮ್ಮಂಥವರ ಅಂಗಡಿಯಿಂದ ತಿಂಗಳ ಸಾಮಾನು ಒಯ್ದರು. ಆ ಹಿನ್ನೀರು ದಾಟಲು ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೀರು ಕೊಟ್ಟವರ ಮನೆಗೆ ದೀಪ ಕೊನೆಗೆ ಬಂತು ಎಂದು ಅವರು ಹೇಳುವಾಗ ನಾನು ಎದುರಾಡಿದ್ದಿಲ್ಲ. ಮಾವನವರು ಗಿರಾಕಿ ಇಲ್ಲದ ಮೂಲೆಯಲ್ಲಿ ಉರಿಯುವ ದೀಪವನ್ನು ಕಂಡರೆ ಎದ್ದುಹೋಗಿ ಆರಿಸುತ್ತಾರೆ. ಜಿಪುಣತನ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅವರಿಗೆ ಆ ದೀಪದ ಹಿಂದೆ ಒಂದು ಗದ್ದೆಯ ಹೆಸರು ಗೊತ್ತಿದೆ.

ಇದು ಹಳೆಯ ಕಥೆಯೂ ಅಲ್ಲ. ಈಗ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆದಿದೆ. ಕೆಳಗಿನ ನೀರನ್ನು ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಮೇಲಕ್ಕೆ ಎತ್ತಿ, ಬೇಡಿಕೆ ಏರಿದಾಗ ಇಳಿಸಿ ವಿದ್ಯುತ್ ಮಾಡುವುದು. ಎತ್ತುವುದಕ್ಕೆ ಬೇಕಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಆದರೂ ಯೋಜನೆ ಏಕೆ ಬೇಕೆನ್ನುತ್ತಾರೆ ಎಂದರೆ, ಪಾವಗಡದಂಥ ಕಡೆಗಳಲ್ಲಿ ಹಗಲು ಹೇರಳವಾಗಿ ಹುಟ್ಟುವ ಸೌರ ವಿದ್ಯುತ್ತು ಸಂಜೆ ಇರುವುದಿಲ್ಲ, ನಾಡು ಅತಿ ಹೆಚ್ಚು ಸ್ವಿಚ್ ಒತ್ತುವ ಹೊತ್ತುಗಳಲ್ಲಿ ಸಂಜೆಯೂ ಒಂದು. ಯೋಜನೆಯ ಜಾಗ ಸಿಂಗಳೀಕಗಳ ಅಭಯಾರಣ್ಯ. ಇದರ ಪರ ವಿರೋಧ ನಮ್ಮ ಊರಿನ ಪ್ರತಿ ಚಹಾದ ಅಂಗಡಿಯಲ್ಲೂ ನಡೆಯುತ್ತದೆ. ನಾನು ವಿರೋಧದ ಕಡೆಯವಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ವಿರೋಧಿಸುವವಳಾಗಿ ಸಂಜೆಯ ಬೇಡಿಕೆ ಯಾರದು ಎಂದು ಕೇಳಿಕೊಳ್ಳಬೇಕಾಯಿತು. ಅದರಲ್ಲಿ ಅಂಗಡಿಗಳ ಪಾಲೂ ಇದೆ. ಆರರಿಂದ ಒಂಬತ್ತರವರೆಗೆ ನಮ್ಮ ಬೀದಿಯ ಎಲ್ಲ ಫಲಕ, ಎಲ್ಲ ದೀಪ, ಎಲ್ಲ ಫ್ಯಾನ್, ಎಲ್ಲ ಕೂಲರು ಒಟ್ಟಿಗೆ ಓಡುತ್ತವೆ. ಮಧ್ಯಾಹ್ನದ ಒಂದು ಯೂನಿಟ್ಟೂ ಸಂಜೆ ಏಳರ ಒಂದು ಯೂನಿಟ್ಟೂ ನಮ್ಮ ಬಿಲ್ಲಿನಲ್ಲಿ ಒಂದೇ ಬೆಲೆ. ಕಣಿವೆಗೆ ಒಂದೇ ಅಲ್ಲ.

ಆದ್ದರಿಂದ ಸಂಜೆಯ ಹೊತ್ತಿಗೆ ಬೇರೆಯಾಗಿಯೇ ಯೋಚಿಸಿದೆವು. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಫ್ರೀಜರಿಗೆ ಸರಕು ತುಂಬುವುದನ್ನು ಬೆಳಿಗ್ಗೆಗೆ ಮಾತ್ರ ಇಟ್ಟುಕೊಂಡೆವು, ಸಂಜೆ ಬಾಗಿಲು ತೆರೆದಿಟ್ಟು ಜೋಡಿಸುವುದಿಲ್ಲ. ಇನ್ವರ್ಟರಿನ ಬ್ಯಾಟರಿ ಹಳತಾಗಿ, ಕರೆಂಟು ಹೋಗದ ದಿನವೂ ಸುಮ್ಮನೆ ಬಿಸಿಯಾಗುತ್ತ ಚಾರ್ಜು ಎಳೆಯುತ್ತಿತ್ತು. ಅದನ್ನು ಬದಲಿಸಿ, ಡಿಸ್ಟಿಲ್ಡ್ ನೀರಿನ ಮಟ್ಟ ನೋಡುವುದನ್ನೂ ಅಮಾವಾಸ್ಯೆಯ ಕೆಲಸಕ್ಕೆ ಸೇರಿಸಿದೆವು. ನಾಮಫಲಕದ ದೀಪ ಅಂಗಡಿ ಮುಚ್ಚುವಾಗ ಆರುತ್ತದೆ. ಮುಚ್ಚಿದ ಅಂಗಡಿಯ ಹೆಸರನ್ನು ಮಧ್ಯರಾತ್ರಿ ಓದುವವರು ಯಾರು? ಜಗುಲಿಯ ದೀಪವನ್ನು ಮಾತ್ರ ಕೊನೆಯ ಬಸ್ಸು ಬರುವವರೆಗೆ ಉರಿಸುತ್ತೇವೆ. 9 ವಾಟಿನ ಆ ಬಲ್ಬು ಎಷ್ಟು ತಿಂದರೂ ನನಗೆ ಬೇಸರವಿಲ್ಲ, ನಿಲ್ದಾಣದಿಂದ ನಡೆದು ಬರುವ ಹೆಣ್ಣುಮಕ್ಕಳಿಗೆ ಆ ತಿರುವಿನಲ್ಲಿ ಬೇರೆ ಬೆಳಕಿಲ್ಲ.

ದೊಡ್ಡ ಊರಿನ ಅಂಗಡಿಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಬೆಂಗಳೂರಿನ ಬಟ್ಟೆ ಮಳಿಗೆಗಳಲ್ಲಿ ರಸ್ತೆಯ ಕಡೆಯ ಬಾಗಿಲನ್ನು ಪೂರ್ತಿ ತೆರೆದಿಟ್ಟು ಎಸಿ ಓಡಿಸುತ್ತಾರೆ, ಆಚೆ ನಡೆಯುವವರಿಗೆ ತಂಪು ಬಡಿದು ಒಳಬರಲಿ ಎಂದು. ಒಳಗೆ 18ಕ್ಕೋ 20ಕ್ಕೋ ಇಟ್ಟಿರುತ್ತಾರೆ, ಮಾರುವ ಹುಡುಗಿಯರು ಸ್ವೆಟರ್ ಹಾಕಿಕೊಂಡು ನಿಂತಿರುತ್ತಾರೆ. ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ವರ್ಷಗಳಿಂದ ಹೇಳುತ್ತ ಬಂದಿದೆ. 2020ರಿಂದ ಹೊಸ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವೂ ಇದೆ. ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು ಹಾಕಿಸಲು ಆಗುವ ಖರ್ಚು ಆ ಮಳಿಗೆಯ ಒಂದು ಷರಟಿನ ಬೆಲೆಯಷ್ಟೂ ಇರಲಾರದು. ಇಲ್ಲಿ ಹಿಟ್ಟಿನ ಧೂಳು ಒರೆಸಿ ನಾವು ಉಳಿಸುವುದನ್ನು ಅಲ್ಲಿ ಒಂದು ತೆರೆದ ಬಾಗಿಲು ಒಂದು ಮಧ್ಯಾಹ್ನದಲ್ಲಿ ಚೆಲ್ಲುತ್ತದೆ. ಇದನ್ನು ಆ ಮಳಿಗೆಗಳಿಗೆ ಹೋಗುವ ಗಿರಾಕಿಗಳೇ ಕೇಳಬೇಕು, ಬಾಗಿಲು ಮುಚ್ಚಿ ಎಂದು ಬಾಯಿಬಿಟ್ಟು ಹೇಳಬೇಕು. ನಾನು ಹೋದಾಗಲೆಲ್ಲ ಹೇಳುತ್ತೇನೆ.

ಮಾಡಿನ ಮೇಲೆ ಸೋಲಾರ್ ಏಕಿಲ್ಲ ಎಂದು ಕೇಳುವವರಿದ್ದಾರೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಮನೆಗಳಿಗೆ ಮಾತ್ರ, ಅಂಗಡಿಗಳು ಪೂರ್ತಿ ಹಣ ಹಾಕಬೇಕು. ನಮ್ಮದು ಹಳೆಯ ಮರದ ಪಕಾಸಿನ ಮೇಲಿನ ಹೆಂಚು, ನಾಲ್ಕು ತಿಂಗಳು ಸೂರ್ಯ ಕಾಣುವುದೇ ಅಪರೂಪ. ಬಳಕೆ ಇಳಿಸುವುದು ಮುಗಿದ ಮೇಲೆ ಆ ಯೋಚನೆ.

ಸದ್ಯಕ್ಕೆ ಕೈಯಲ್ಲಿರುವುದು ಮಂಜೂರಾದ ಲೋಡನ್ನು ಇಳಿಸುವ ಕೆಲಸ. ಹಳೆಯ ಟ್ಯೂಬು, ಹಳೆಯ ಫ್ಯಾನುಗಳ ಕಾಲದಲ್ಲಿ, ಮುಂದೆ ಬೇಕಾದೀತು ಎಂದು ಹೆಚ್ಚಿಗೆ ಬರೆಸಿದ್ದ ಲೋಡು ಅದು. ಈಗ ಎಲ್ಲವೂ ಒಟ್ಟಿಗೆ ಓಡಿದರೂ ಅಷ್ಟು ಆಗುವುದಿಲ್ಲ, ಆದರೆ ನಿಗದಿತ ಶುಲ್ಕ ಮಾತ್ರ ಹಳೆಯ ಲೆಕ್ಕದಲ್ಲೇ ಬೀಳುತ್ತಿದೆ. ಬಿಲ್ಲಿನಲ್ಲಿ ದಾಖಲಾದ ಅತಿ ಹೆಚ್ಚಿನ ಬೇಡಿಕೆಯ ಅಂಕಿಯನ್ನು ಬೇಸಿಗೆಯ ತಿಂಗಳುಗಳೂ ಸೇರಿದಂತೆ ಒಂದು ವರ್ಷದ್ದು ತೆಗೆದು ನೋಡಿ, ಅದಕ್ಕಿಂತ ಸ್ವಲ್ಪ ಮೇಲೆ ಇರುವಂತೆ ಅರ್ಜಿ ಕೊಡಬೇಕು. ತೀರ ಇಳಿಸಿದರೆ ಮಿತಿ ಮೀರಿದ ತಿಂಗಳಲ್ಲಿ ದಂಡದ ದರ ಬೀಳುತ್ತದೆ. ಪಕ್ಕದ ಔಷಧಿ ಅಂಗಡಿಯವರೂ ನಮ್ಮ ಸಣ್ಣ ಮೀಟರನ್ನು ಒಯ್ದಿದ್ದಾರೆ. ಅವರ ಫ್ರಿಜ್ಜಿನಲ್ಲಿ ಇನ್ಸುಲಿನ್ ಇರುತ್ತದೆ, 2ರಿಂದ 8 ಡಿಗ್ರಿಯೊಳಗೇ ಇರಬೇಕು, ಅದಕ್ಕೆ ಟೈಮರ್ ಹಾಕುವಂತಿಲ್ಲ, ತಿರುಗಣೆಯನ್ನೂ ಬೇಕಾಬಿಟ್ಟಿ ತಿರುಗಿಸುವಂತಿಲ್ಲ. ಆದರೆ ನೋಟಿನ ಪರೀಕ್ಷೆಯಲ್ಲಿ ಅದರ ರಬ್ಬರು ಎರಡು ಕಡೆ ಸೋತಿತು. ಹೊಸ ಗ್ಯಾಸ್ಕೆಟ್ಟಿಗೆ ಶಿವಮೊಗ್ಗಕ್ಕೆ ಹೇಳಿದ್ದಾರೆ, ಅದು ಬಂದ ಮೇಲೆ ಮತ್ತೊಮ್ಮೆ ಒಂದು ಹಗಲು, ಒಂದು ರಾತ್ರಿ ಅಳೆದು ನೋಡುತ್ತಾರೆ.